ಹುಟ್ಟಿದ ಮೀನನ್ನು ಎಣಿಸಿದ ಶಶಿರೇಖಾ ಮೇಡಂ

ಕೆರೆಯ ಆರೋಗ್ಯವನ್ನು ಸೀಸೆಯ ನೀರಿನಲ್ಲಷ್ಟೇ ನೋಡದೆ ಅದರ ಮೀನುಗಳಲ್ಲೂ ಓದಬೇಕೆಂದು ಈ ಜಿಲ್ಲೆಯಲ್ಲಿ ಹಟ ಹಿಡಿದು ಸಾಧಿಸಿದವರು ಚಾಮರಾಜನಗರದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕಿ ಶ್ರೀಮತಿ ಶಶಿರೇಖಾ ಅವರು. ಇಪ್ಪತ್ತೊಂಬತ್ತು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಅವರು ಹುಟ್ಟಿದ್ದು ಬೇಗೂರಿನ ಲಿಂಗಾಯತ ಮನೆಯಲ್ಲಿ. ಮೀನಿನ ಹೆಸರೆತ್ತಿದರೂ ಬಾಯಿ ತೊಳೆಯಬೇಕೆನ್ನುವ ಅಜ್ಜಿ ಅಲ್ಲಿದ್ದರು.

ತೆರಕಣಾಂಬಿಯಾಚೆಯ ಹಿರೇಕಟ್ಟೆ ಕೆರೆಯ ಮೇಲುಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಎದ್ದಾಗ, ಪ್ರತಿ ತಿಂಗಳ ಮೊದಲ ಸೋಮವಾರ ಬಲೆಗಾರ ಪುಟ್ಟಮಾದು ಅವರೊಡನೆ ಒಂದೇ ಜಾಗದಲ್ಲಿ ಒಂದೇ ಬಲೆ ಬೀಸಿ, ಸಿಕ್ಕ ಮೀನುಗಳನ್ನು ಎಣಿಸಿ, ಅಳೆದು, ಮತ್ತೆ ನೀರಿಗೆ ಬಿಡುವ ವ್ರತ ಹಿಡಿದರು. ಹಿಂದಿರುಗುವ ಬಸ್ಸಿನಲ್ಲಿ ಮೀನಿನ ವಾಸನೆಗೆ ಪಕ್ಕದವರು ಎದ್ದುಹೋಗುತ್ತಿದ್ದುದರಿಂದ ಎರಡು ಸೀಟೂ ಮೇಡಂಗೇ ಖಾಯಂ.

ಎರಡನೆಯ ವರ್ಷ ಮೀನು ದುಪ್ಪಟ್ಟಾಯಿತು. ಕೆರೆ ಚೆನ್ನಾಗಿದೆಯೆಂದು ಅವರು ಗ್ರಾಮಸಭೆಯಲ್ಲಿ ವರದಿ ಓದಿದರು. ಕಾರ್ಖಾನೆಯವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮುಂದಿನ ತಿಂಗಳ ಸೋಮವಾರ ಪುಟ್ಟಮಾದು ಬಲೆ ಬಿಚ್ಚಲೇ ಇಲ್ಲ.

“ಅವೆಲ್ಲ ಕೆರೆ ಗುತ್ತಿಗೆಯವ್ರು ಮರಿ ತಂದು ಬುಟ್ಟಿರೋ ಕಾಟ್ಲಾ ಕಣ್ರವ್ವಾ. ಬುಟ್ಟಿದ್ದ ಎಣುಸ್ಬ್ಯಾಡಿ, ಇಲ್ಲೇ ಉಟ್ಟಿದ್ದ ಎಣುಸಿ. ಪಕ್ಕೆ ಮೀನು ಒಂದಾದ್ರೂ ಸಿಕ್ತಾ?”

“ಮೊದಲೇ ಯಾಕೆ ಹೇಳಲಿಲ್ಲ ಪುಟ್ಟಮಾದಣ್ಣ?”

“ಮೀನು ತಿನ್ನೋ ಮನೇಲಿ ಎಲ್ರಿಗೂ ಗೊತ್ತಿರೋದೆ. ನಿಮ್ಗೂ ಗೊತ್ತು ಅನ್ಕಂಡಿದ್ದೆ, ಬುಡಿ.”

ಮೀನು ಕೊಳ್ಳದ ಮನೆಯ ಪಂಡಿತೆಗೆ ಯಾವ ಪುಸ್ತಕವೂ ಹೇಳಿಕೊಡದ ಪಾಠವದು. ಪಟ್ಟಿ ತಿರುವಿ ನೋಡಿದರೆ, ಆ ಕೆರೆಯಲ್ಲೇ ಮೊಟ್ಟೆಯಿಟ್ಟು ಬೆಳೆಯುವ ಬೆರಳುದ್ದದ ಪಕ್ಕೆ ಮೀನು ಏಳು ತಿಂಗಳಿಂದ ಒಂದೂ ಇಲ್ಲ. ಅವರಿಗೆ ನಾಚಿಕೆಯಾಯಿತು, ಭಯವೂ ಆಯಿತು. ತಪ್ಪೊಪ್ಪಿಕೊಂಡರೆ ಇನ್ನು ತಮ್ಮ ಮಾತನ್ನು ನಂಬುವವರಾರು? ಸುಮ್ಮನಿದ್ದರೆ ಕೆರೆ ಸಾಯುತ್ತದೆ. ಅದೇ ಸಭೆಗೆ ಹೋಗಿ, “ನಾನು ಓದಿದ ವರದಿ ತಪ್ಪು. ಹಿಂದಕ್ಕೆ ಪಡೆಯುತ್ತೇನೆ” ಎಂದರು. ನಗುವವರು ನಕ್ಕರು. ಆದರೆ ತನ್ನ ತಪ್ಪನ್ನು ತಾನೇ ಹೇಳಿಕೊಂಡವರ ಮಾತನ್ನು ತಳ್ಳಿಹಾಕುವುದು ಅಧಿಕಾರಿಗಳಿಗೂ ಕಷ್ಟವಾಯಿತು. ನೀರಿನ ಪರೀಕ್ಷೆ ನಡೆದು, ಬಣ್ಣದ ವಿಷ ಪತ್ತೆಯಾಗಿ, ಕಾರ್ಖಾನೆ ಶುದ್ಧೀಕರಣ ಘಟಕ ಕಟ್ಟಲೇಬೇಕಾಯಿತು.

ಪಕ್ಕೆ ಮರಳಲು ನಾಲ್ಕು ವರ್ಷ ಹಿಡಿಯಿತು. ಕಳೆದ ತಿಂಗಳ ಬಲೆಯಲ್ಲಿ ನೂರಹನ್ನೆರಡು ಸಿಕ್ಕವು.

ಕಾರ್ಖಾನೆಯ ಗೋಡೆಯಿಂದ ಇಳಿಸಿ ತಂದ ಆ ವರದಿಗೆ ಕೆಂಪು ಶಾಯಿಯಲ್ಲಿ ‘ತಪ್ಪು’ ಎಂದು ಬರೆದು ಮೇಡಂ ವಿಭಾಗದಲ್ಲೇ ತೂಗುಹಾಕಿದ್ದಾರೆ. ಮೊನ್ನೆ ಕೊಠಡಿ ತೆರವು ಮಾಡುವಾಗ ಶಿಷ್ಯೆ ವನಿತಾ ಅದನ್ನು ತೆಗೆಯಹೋದರು. “ಇರಲಿ ಬಿಡಮ್ಮಾ, ಮುಂದೆ ಎಣಿಸುವವರಿಗೆ ಬೇಕಾಗುತ್ತೆ” ಎಂದರಂತೆ ಮೇಡಂ. ಬೀಳ್ಕೊಡುಗೆಗೆ ದಿನ ಕೇಳಿದರೆ, ತಿಂಗಳ ಮೊದಲ ಸೋಮವಾರವೊಂದು ಬೇಡವೆಂದಿದ್ದಾರೆ.

ಮೇಡಂ ನೂರು ಕಾಲ ಬಾಳಲಿ. ತೆರಕಣಾಂಬಿ ಬಸ್ಸಿನಲ್ಲಿ ಅವರಿಗೆ ಎರಡು ಸೀಟೂ ಹೀಗೆಯೇ ಸಿಗುತ್ತಿರಲಿ.