ಐದನೇ ನಿಮಿಷಕ್ಕೆ ಹೇಳಿದ ಫಲಿತಾಂಶ

ಕೊಂಡಾಪುರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕೂಲಿಗಳ ಶೆಡ್ಡಿನ ಮುಂದೆ ಕೂತು ನಾನು ಫ್ಲೂ ಪರೀಕ್ಷೆ ಮಾಡುತ್ತಿದ್ದೆ. ಪರೀಕ್ಷೆ ಅಂದರೆ ದೊಡ್ಡದೇನಲ್ಲ. ಮೂಗಿನೊಳಗೆ ಕಡ್ಡಿ ಆಡಿಸಿ, ಅದನ್ನು ಅದ್ದಿದ ದ್ರವವನ್ನು ಪಟ್ಟಿಯ ಮೇಲೆ ಹನಿಸಿ, ಹದಿನೈದು ನಿಮಿಷ ಕಾಯಬೇಕು. ಒಂದೇ ಗೆರೆ ಇದ್ದರೆ ಸೋಂಕಿಲ್ಲ, ಎರಡಿದ್ದರೆ ಇದೆ.

ಯಾದಗಿರಿ ಕಡೆಯ ಭೀಮಣ್ಣ ಹೆಗಲಿಗೆ ಚೀಲ ಹಾಕಿಕೊಂಡೇ ಬಂದ. "ಲಗೂನ ನೋಡ್ರಿ ಸರ್, ಬಸ್ ಹೊಂಟೈತಿ. ಹೆಂಡ್ತಿ ಹಡದು ಎಂಟು ದಿನ ಆತು. ನನಗ ಕೆಮ್ಮು ಐತಿ, ಕೂಸು ಎತ್ಕೊಳ್ಳಾಕ ಅಂಜಿಕಿ."

ಐದು ನಿಮಿಷಕ್ಕೆ ಒಂದೇ ಗೆರೆ ಇತ್ತು. ಅವನ ಗಡಿಬಿಡಿ ನನಗೂ ಹತ್ತಿತು. "ಏನಿಲ್ಲ, ಹೋಗಪ್ಪಾ" ಅಂದೆ.

"ಹಂಗಾರ ಮುದ್ದು ಕೊಡಬಹುದಲ್ರಿ?"

"ಧಾರಾಳವಾಗಿ ಕೊಡು."

ಹನ್ನೆರಡನೇ ನಿಮಿಷಕ್ಕೆ ಎರಡನೇ ಗೆರೆ ಮೂಡಿತು. ಅಷ್ಟರಲ್ಲಿ ಅವನ ಬಸ್ ಹೋಗಿತ್ತು. ಅವನು ಫಾರ್ಮಿನಲ್ಲಿ ಬರೆಸಿದ್ದ ನಂಬರಿಗೆ ಫೋನ್ ಮಾಡಿದೆ. ಅದು ನನ್ನೆದುರೇ ನಿಂತಿದ್ದ ಮೇಸ್ತ್ರಿಯ ಜೇಬಿನಲ್ಲಿ ಬಡಿದುಕೊಂಡಿತು.

"ಇಲ್ಲಿ ಎಲ್ಲಾರೂ ನನ್ನ ನಂಬರ್‌ನ ಬರಸ್ತಾರ್ರಿ. ಅವನ ಫೋನ್ ಮೊನ್ನೆ ಕಾಂಕ್ರೀಟಿನ್ಯಾಗ ಬಿತ್ತು. ಅವನ ಹಳ್ಳಿ ಯಾವ್ದೋ, ಯಾರಿಗೂ ಗೊತ್ತಿಲ್ಲ" ಅಂದ ಮೇಸ್ತ್ರಿ.

ಫಾರ್ಮಿನ ಕೊನೆಯಲ್ಲಿ 'ಫಲಿತಾಂಶ ತಿಳಿಸಲಾಗಿದೆಯೇ?' ಎಂಬ ಪ್ರಶ್ನೆಯಿದೆ. 'ಹೌದು' ಅಂತ ಬರೆದೆ. ಸುಳ್ಳೇನಲ್ಲ, ತಿಳಿಸಿದ್ದೆನಲ್ಲ.