ಗರಗಸದ ಹಿಡಿಕೆಗೆ ಕಟ್ಟಿದ ಮಂತ್ರಾಕ್ಷತೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬಿದ್ದ ಮರ ಹುಣಸೆಯದೆಂದು ದಿನಚರಿಯಲ್ಲಿ ಬರೆದು, ಬೇವಿರಬಹುದೆಂದು ಹೊಡೆದುಹಾಕಿ, ಮತ್ತೆ ಹುಣಸೆ ಎಂದೇ ಬರೆದಿದ್ದೇನೆ. ಪೊಲೀಸ್ ಆ್ಯಕ್ಷನ್ ಮುಗಿದಿತ್ತು, ಹೈದರಾಬಾದ್ ರಾಜ್ಯ ಇನ್ನೂ ಒಡೆದಿರಲಿಲ್ಲ ಎಂಬುದಷ್ಟೇ ಗಟ್ಟಿ. ನಾನಾಗ ಲಂಗ ತೊಡುವ ಹುಡುಗಿ. ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಮನೆಯಲ್ಲಿ ಕೇಳಿ ಕೇಳಿ ಕಂಡಂತಾದದ್ದೆಷ್ಟು, ಬಿಡಿಸಿ ಹೇಳಲಾರೆ.

ನನ್ನ ತಂದೆಯ ತಮ್ಮ, ನಾವು ಕಾಕಾ ಎನ್ನುತ್ತಿದ್ದವರು, ಮಕ್ತಲಿನ ಒಂದು ಗುಡಿಯ ಅರ್ಚಕರು. ಜಾಗೀರು ಹೋದ ಮೇಲೆ ಅಲ್ಲಿಂದ ಗುಡಿಗೆ ಬರುತ್ತಿದ್ದ ಜೋಳವೂ ನಿಂತಿತು. ದೇವರು ಹೇಗೋ ಹೊಂದಿಕೊಂಡ. ಅರ್ಚಕರ ಮನೆಮಂದಿಗೆ ಅದು ಸಾಧ್ಯವಾಗಲಿಲ್ಲ. ಅದೇ ಹೊತ್ತಿಗೆ ಗದ್ವಾಲಿನ ಕಟ್ಟಿಗೆ ಅಡ್ಡೆಯ ಸಾಹುಕಾರ ಸಿಕಂದರಾಬಾದಿನ ಮಿಲಿಟರಿ ಹರಾಜಿನಿಂದ ಒಂದು ಪೆಟ್ರೋಲ್ ಗರಗಸ ತಂದಿದ್ದ. ಅಡ್ಡೆಯ ಆಳುಗಳು ಅದರ ಸದ್ದಿಗೆ ಹೆದರಿ ಹತ್ತಿರ ಸುಳಿಯುತ್ತಿರಲಿಲ್ಲ. ಗಂಟೆ ಜಾಗಟೆಗಳ ನಡುವೆ ಬೆಳೆದ ಕಾಕಾನಿಗೆ ಸದ್ದು ಯಾವ ಲೆಕ್ಕ? ಕೂಲಿಗೆ ಅದನ್ನು ನಡೆಸಲು ಒಪ್ಪಿಕೊಂಡರು.

ಕಾಕು, ಅಂದರೆ ಕಾಕಾನ ಹೆಂಡತಿ, ಹೆದರಿದ್ದು ಸದ್ದಿಗಲ್ಲ. ಅಂಗ ಊನವಾದವರು ದೇವರನ್ನು ಮುಟ್ಟಬಾರದೆಂಬುದು ಗುಡಿಯ ಕಟ್ಟಳೆ. ಒಂದು ಬೆರಳು ಹೋದರೆ ಪೂಜೆ ಹೋಗುತ್ತದೆ, ಪೂಜೆಯ ಜೊತೆಗೆ ಗುಡಿಗೆ ಸೇರಿದ ಮನೆಯೂ ಹೋಗುತ್ತದೆ. ಹೀಗಾಗಿ ಅವರು ಗಂಡನ ಕೈಕಾಲುಗಳನ್ನು ಮನೆಯ ಕಂಬಗಳನ್ನು ನೋಡುವಂತೆ ನೋಡುತ್ತಿದ್ದರು.

ಗದ್ವಾಲಿನ ಅಡ್ಡೆಯಲ್ಲಿ ಸಾಹುಕಾರನೇ ಕಾಕಾನಿಗೆ ಪಾಠ ಹೇಳಿದ. ಜೊತೆಗೆ ಹೋಗಿದ್ದ ಕಾಕು ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಎರಡೂ ಕೈಯಿಂದ ಹಿಡಿಯಬೇಕು, ಭುಜಕ್ಕಿಂತ ಮೇಲೆ ಎತ್ತಬಾರದು, ಹಿಂದೆ ಸರಿಯಲು ದಾರಿ ಬಿಟ್ಟುಕೊಳ್ಳಬೇಕು, ಪೆಟ್ರೋಲಿನ ಹತ್ತಿರ ಬೀಡಿ ಸೇದಬಾರದು. ಹಿಡಿಕೆಯ ಕೆಳಗೆ ಬಂದೂಕಿನ ಕುದುರೆಯಂಥ ಒಂದು ಕೊಕ್ಕೆ: ಒತ್ತಿದರೆ ಹಲ್ಲಿನ ಸರಪಳಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಾಕಾ ಎಲ್ಲವನ್ನೂ ಸ್ತೋತ್ರದಂತೆ ಬಾಯಿಪಾಠ ಮಾಡಿದರು. ಬೀಡಿಯ ನಿಯಮವನ್ನಂತೂ ಅವರು ಹುಟ್ಟಿದಾಗಿನಿಂದ ಪಾಲಿಸುತ್ತಿದ್ದರು.

ತಕರಾರು ಬಂದದ್ದು ಕಾಲಿನ ರಕ್ಷಣೆಗೆಂದು ಸಾಹುಕಾರ ಕೊಟ್ಟ ಬೂಟಿಗೆ. ಅದು ಚರ್ಮದ್ದು.

“ಹಾಕ್ಕೋರಿ ಸ್ವಾಮೇರ, ಸರಪಳಿಗೆ ಮಡಿ ಮೈಲಿಗಿ ಗೊತ್ತಿಲ್ರಿ,” ಎಂದ ಸಾಹುಕಾರ.

“ಸಂಜಿ ನೈವೇದ್ಯ ನೀ ಮಾಡ್ತೀಯೇನಪಾ?” ಎಂದರು ಕಾಕಾ.

ಕೊನೆಗೆ ಒಂದು ಒಪ್ಪಂದವಾಯಿತು. ಬೂಟು ಕೆಲಸದ ಜಾಗಕ್ಕೆ ಬರುವುದು, ಕಾಲಿಗೆ ಬರಬೇಕಿಲ್ಲ.

ನಾರಾಯಣಪೇಟೆಯ ದಾರಿಗೆ ಅಡ್ಡ ಬಿದ್ದ ಮರವೊಂದನ್ನು ಕಡಿಯುವ ಮೊದಲ ಕೆಲಸ ಸಿಕ್ಕಿತು. ಹೊರಡುವ ಮುಂಚೆ ನಮ್ಮ ಅಂಗಳದಲ್ಲಿ ಗರಗಸಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಕಾಕು ಮಂತ್ರಾಲಯದಿಂದ ತಂದಿದ್ದ ಮಂತ್ರಾಕ್ಷತೆಯನ್ನು ಬಟ್ಟೆಯಲ್ಲಿ ಗಂಟು ಮಾಡಿ ಹಿಡಿಕೆಯ ಕೆಳಗೆ, ಆ ಕೊಕ್ಕೆಯ ಹಿಂದೆ, ಬಿಗಿಯಾಗಿ ಕಟ್ಟಿದರು. ರಾಹುಕಾಲ ಕಳೆಯಲೆಂದು ಎಲ್ಲರೂ ಕಾದೆವು. ಅಪಾಯವನ್ನು ನಮ್ಮ ಮನೆಯಲ್ಲಿ ಯಾರೂ ಹಗುರವಾಗಿ ಕಾಣಲಿಲ್ಲ.

ಮರದ ಹತ್ತಿರ ಬೂಟುಗಳನ್ನು ಒಂದು ಕಲ್ಲಿನ ಮೇಲೆ ಜೋಡಿಸಿಟ್ಟು, ಕಾಕಾ ಕಚ್ಚೆ ಬಿಗಿದು ಬರಿಗಾಲಲ್ಲಿ ನಿಂತರು. ಯಂತ್ರ ಶುರುವಾಯಿತು. ಕೊಕ್ಕೆ ಮೊದಲು ಜಗ್ಗಲಿಲ್ಲ. ಕಾಕಾ ಬಲವಾಗಿ ಒತ್ತಿದರು, ಸರಪಳಿ ಓಡಿತು. ಒಂದು ಕೊಂಬೆ ತುಂಡಾಗಿ ಬಿತ್ತು. ಬೆರಳು ಬಿಟ್ಟರು, ಸರಪಳಿ ನಿಲ್ಲಲಿಲ್ಲ. ಒತ್ತಿದ ರಭಸಕ್ಕೆ ಅಕ್ಕಿಯ ಗಂಟು ಸಂದಿಯೊಳಗೆ ಸಿಕ್ಕಿ ಕೊಕ್ಕೆಯನ್ನು ಅಲ್ಲೇ ಹಿಡಿದಿತ್ತು. ಯಂತ್ರ ಆರಿಸುವ ಗುಂಡಿ ಒತ್ತಬೇಕೆಂದರೆ ಒಂದು ಕೈ ಬಿಡಬೇಕು, ಕೈ ಬಿಡುವುದು ನಿಯಮಕ್ಕೆ ವಿರುದ್ಧ. ಕೆಳಗಿಡೋಣವೆಂದರೆ ಪಕ್ಕದಲ್ಲೇ ಬರಿಯ ಪಾದ. ಕಾಕಾ ಗರಗಸವನ್ನು ಎದುರಿಗೆ ಹಿಡಿದು, ಕಣ್ಣು ಮಿಟುಕಿಸದೆ ನಿಂತುಬಿಟ್ಟರು. ತುಟಿ ಏನನ್ನೋ ಜಪಿಸುತ್ತಿತ್ತು. ಸೇರಿದ ಜನ ಕನ್ನಡದಲ್ಲೂ ತೆಲುಗಿನಲ್ಲೂ ಸಲಹೆ ಕೊಟ್ಟರು. ಆ ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲವೆಂಬುದು ಕಾಕಾನ ಪುಣ್ಯ. ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡು ಅವರ ಕಾಲುಗಳನ್ನೇ ನೋಡುತ್ತಿದ್ದರು. ಕೊನೆಗೆ ಪೆಟ್ರೋಲ್ ತೀರಿತು.

ಬೆರಳೆಲ್ಲ ಇದ್ದವು. ಸಾಹುಕಾರ ಗರಗಸವನ್ನು ವಾಪಸು ಒಯ್ದ. ಕಾಕಾ ಅಂದು ಸಂಜೆ ನೈವೇದ್ಯ ಮಾಡಿದರು, ಮತ್ತೆಂದೂ ಗುಡಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಲಿಲ್ಲ. ಮಂತ್ರಾಕ್ಷತೆಯೇ ಕಾಯ್ದಿತೆಂದು ಊರೆಲ್ಲ ಹೇಳಿತು. ಹೈದರಾಬಾದಿನಲ್ಲಿ ನಾಲ್ಕಕ್ಷರ ಕಲಿತ ನಾನು, ಸರಪಳಿ ನಿಲ್ಲದ್ದಕ್ಕೆ ಆ ಗಂಟೇ ಕಾರಣವಲ್ಲವೇ ಎಂದು ನಗುತ್ತಿದ್ದೆ. ಅಡ್ಡೆಯ ಬಾಗಿಲಲ್ಲಿ ನಿಂತು ಕಾಕು ಏನೇನು ನೋಡಿರಬಹುದು ಎಂಬುದು ನನಗೆ ಹೊಳೆದದ್ದು ತೀರ ತಡವಾಗಿ.

ಕಾಕಾ ಹೋದ ಮೇಲೆ ಒಮ್ಮೆ ಕಾಕುವನ್ನು ಕೇಳಿಯೇಬಿಟ್ಟೆ. ಅವರು ಹೂಬತ್ತಿ ಹೊಸೆಯುತ್ತಿದ್ದರು, ಹೊಸೆಯುತ್ತಲೇ ಇದ್ದರು. ನಾನು ಕೇಳಿದ್ದು ಇಷ್ಟೇ:

“ಕಾಕು, ಕೊಕ್ಕಿ ಒತ್ತಾಕ ಬರಬಾರದು, ಅದು ಶುರುನ ಆಗಬಾರದು ಅಂತ ಅಲ್ಲಿ ಕಟ್ಟಿದ್ರೇನ್ರಿ?”