ದೊಡ್ಡಮ್ಮನ ಏಕಾದಶಿ ಮತ್ತು ಪೀನಟ್ ಬಟರ್

ಬರ್ಲಿಂಗ್ಟನ್ನಿನ ನಮ್ಮ ಆಫೀಸಿನ ಊಟದ ಕೋಣೆಯಲ್ಲಿ ಮೊನ್ನೆ ಯಾರೋ ಪೀನಟ್ ಬಟರ್ ಡಬ್ಬಿಯ ಬಾಯಿಗೆ ಅಂಟಿಸಿದ ಹಾಳೆಯನ್ನು ಪರ್ರನೆ ಕಿತ್ತರು. ಹುರಿದ ನೆಲಗಡಲೆಯ ಆ ದಪ್ಪ ಜಿಡ್ಡು ವಾಸನೆ ಕಾಫಿಯ ವಾಸನೆಯನ್ನು ಬದಿಗೊತ್ತಿ ನನ್ನವರೆಗೆ ಬಂತು. ವಾಸನೆಯೊಂದೇ ಬಂದಿದ್ದರೆ ಸಾಕಿತ್ತು, ಹಿಂದೆಯೇ ವಾದವೂ ಬಂತು. ನುಣ್ಣಗಿನದು ಮೇಲೋ ತರಿತರಿಯಾದದ್ದು ಮೇಲೋ, ಸ್ಯಾಂಡ್‌ವಿಚ್ಚಿನಲ್ಲಿ ಅದರ ಜೊತೆಗೆ ದ್ರಾಕ್ಷಿ ಜೆಲ್ಲಿಯೋ ಸ್ಟ್ರಾಬೆರಿಯೋ ಎಂದು ಬೆಳೆದ ಮನುಷ್ಯರು ಅರ್ಧ ಗಂಟೆ ಮಾತಾಡಿದರು, ಒಬ್ಬರೂ ಒಂದು ಕಾರಣ ಕೊಡಲಿಲ್ಲ. ನನಗೆ ತಡೆಯಲಾಗಲಿಲ್ಲ. ನುಣ್ಣಗಿನದೇ, ದ್ರಾಕ್ಷಿಯೇ, ಬಿಳಿ ಬ್ರೆಡ್ಡೇ, ಕಾಯಿಸಬಾರದು, ಪೀನಟ್ ಬಟರನ್ನು ಎರಡೂ ಹೋಳಿಗೆ ಸವರಿ ಜೆಲ್ಲಿಯನ್ನು ನಡುವೆ ಇಡಬೇಕು, ಇಲ್ಲವಾದರೆ ಬ್ರೆಡ್ಡು ನೆನೆದು ನೇರಳೆ ಮುದ್ದೆಯಾಗುತ್ತದೆ ಎಂದು ಹೇಳಿದೆ. ಎಲ್ಲರೂ ನಕ್ಕು ಸುಮ್ಮನಾದರು. ಸುಮ್ಮನಾಗುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಅದಕ್ಕೆ ಕಾರಣ ನನ್ನ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ, ಉಡುಪಿಯಿಂದ ಬಂದು ಮಾಲ್ಟನ್ನಿನ ನಮ್ಮ ಮನೆಯಲ್ಲೇ ಉಳಿದವಳು. ಪಕ್ಕದ ನಿಲ್ದಾಣದಲ್ಲಿ ವಿಮಾನ ಇಳಿಯುವಾಗಲೆಲ್ಲ ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದ ಮನೆ ಅದು. ಅಪ್ಪ ಅಮ್ಮ ಇಬ್ಬರಿಗೂ ಶಿಫ್ಟು, ಹಾಗಾಗಿ ಶಾಲೆಯಿಂದ ಬಂದಾಗ ಬಾಗಿಲು ತೆಗೆಯುವವಳು ಅವಳೇ. ಶಾಲೆಯೊಳಗೆ ನೆಲಗಡಲೆ ತರುವಂತಿರಲಿಲ್ಲ, ತಿಂದರೆ ಜೀವಕ್ಕೇ ಆಪತ್ತಾಗುವ ಮಕ್ಕಳಿದ್ದರು. ಡಬ್ಬಿಯಲ್ಲಿ ಹಾಕಿಕೊಟ್ಟ ಚಿತ್ರಾನ್ನದಿಂದ ನೆಲಗಡಲೆಯನ್ನು ದೊಡ್ಡಮ್ಮ ಒಂದೊಂದಾಗಿ ಆರಿಸಿ ತೆಗೆದು ಕಳಿಸುತ್ತಿದ್ದಳು, ಆರಿಸಿದರೆ ಸಾಲದು ಎಂದು ನಾನು ಹೇಳಿ ಹೇಳಿ ಸೋತೆ. ಹಾಗಾಗಿ ನನ್ನ ಸ್ಯಾಂಡ್‌ವಿಚ್ಚು ಸಂಜೆ ನಾಲ್ಕರ ತಿಂಡಿ. ಅವಳು ಮೊದಮೊದಲು ಬ್ರೆಡ್ಡನ್ನು ಕಾವಲಿಗೆ ಹಾಕಿ ತುಪ್ಪದಲ್ಲಿ ಕಾಯಿಸಿಕೊಟ್ಟಳು. ಅದನ್ನು ಬಿಡಿಸಲು ನನಗೆ ಒಂದು ವರ್ಷ ಹಿಡಿಯಿತು.

ತಿಂಗಳಿಗೆ ಎರಡು ಏಕಾದಶಿ. ಪೂರ್ತಿ ಉಪವಾಸಕ್ಕೆ ಅವಳ ಬಿಪಿ ಮಾತ್ರೆ ಬಿಡುತ್ತಿರಲಿಲ್ಲ, ಹಾಗಾಗಿ ಅನ್ನ, ಗೋಧಿ, ಬೇಳೆ ಬಿಟ್ಟು ಹಣ್ಣು, ಗೆಡ್ಡೆ. ಆ ದಿನ ನಾಲ್ಕು ಗಂಟೆಗೆ ಸ್ಟೀಲಿನ ಬಟ್ಟಲಲ್ಲಿ ಎರಡು ಚಮಚ ಪೀನಟ್ ಬಟರು, ಮೇಲೆ ದ್ರಾಕ್ಷಿ ಜೆಲ್ಲಿ ಹಾಕಿಕೊಂಡು ನನ್ನೆದುರು ಕೂರುತ್ತಿದ್ದಳು. ನನ್ನದು ಬ್ರೆಡ್ಡಿನೊಳಗೆ, ಅವಳದು ಬಟ್ಟಲಲ್ಲಿ. ಉಳಿದ ದಿನಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಉಣ್ಣುವವಳು ನನ್ನ ಜೊತೆ ಕೂತು ತಿಂದದ್ದು ಏಕಾದಶಿಗಳಂದು ಅಷ್ಟೇ. ಚಮಚವನ್ನು ಹಿಂದೆ ಮುಂದೆ ನೆಕ್ಕುವಾಗ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ನೆಲಗಡಲೆ ಬೇಳೆಯ ಜಾತಿಯದು, ಆದ್ದರಿಂದ ನಿನ್ನ ಲೆಕ್ಕದಲ್ಲೇ ಅದು ನಿಷಿದ್ಧ ಎಂದು ಒಮ್ಮೆ ಟೀಚರು ಹೇಳಿದ್ದನ್ನು ಹಿಡಿದು ವಾದಿಸಿದೆ.

"ನೆಲದ ಅಡಿಯಲ್ಲಿ ಆಗುದೆಲ್ಲ ಗೆಡ್ಡೆಯೇ. ನಿನ್ನ ಟೀಚರು ಬೇಕಾದ್ರೆ ಬೇಳೆ ಅಂತ ತಿನ್ನುದು ಬಿಟ್ಟುಬಿಡ್ಲಿ," ಎಂದಳು.

"ದಟ್ಸ್ ನಾಟ್ ಎನ್ ಆರ್ಗ್ಯುಮೆಂಟ್, ದೊಡ್ಡಮ್ಮ."

"ಮತ್ತೆಂತ, ಜಗಳವಾ?"

ಹದಿನಾಲ್ಕಕ್ಕೆ ನಾನು ಶಾಲೆಯ ಡಿಬೇಟ್ ತಂಡ ಸೇರಿದೆ. ಪುರಾವೆ ತನ್ನಿ ಎಂದು ಕಲಿಸುತ್ತಿದ್ದರು. ಒಂದು ಏಕಾದಶಿಯಂದು ಪೀನಟ್ ಬಟರ್ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ: ಗೋಧಿ ಇರಬಹುದು. ಇಷ್ಟು ವರ್ಷ ನಿನ್ನ ಒಂದು ಏಕಾದಶಿಯೂ ನೆಟ್ಟಗೆ ಆಗಿಲ್ಲ ಎಂದು ಗೆದ್ದವಳ ಗತ್ತಿನಲ್ಲಿ ಹೇಳಿದೆ. ಗೆಡ್ಡೆಯ ಮಾತಿನಂಥದ್ದೇ ಏನಾದರೂ ಎದುರುತ್ತರ ಎಸೆಯುತ್ತಾಳೆ ಎಂದು ಕಾದೆ. ಅವಳು ಚಮಚ ಕೆಳಗಿಟ್ಟಳು, ಬಾಯಿ ಮುಕ್ಕಳಿಸಿ ಬಂದಳು. ಮುಂದಿನ ಏಕಾದಶಿಗೆ ಅವಳ ಮುಂದೆ ಒಂದು ಬಾಳೆಹಣ್ಣು. ನನ್ನ ಸ್ಯಾಂಡ್‌ವಿಚ್ಚು ಮಾತ್ರ ಎಂದಿನಂತೆ, ಎರಡೂ ಹೋಳಿಗೆ ಸವರಿ.

ಕಾಲೇಜಿನಲ್ಲಿರುವಾಗ ನನಗೆ ಹೊಳೆಯಿತು. 'ಇರಬಹುದು' ಎನ್ನುವುದು 'ಇದೆ' ಎನ್ನುವುದಕ್ಕೆ ಪುರಾವೆಯೇ ಅಲ್ಲ. ನನ್ನ ವಾದ ಅಷ್ಟು ಬಡಕಲಾಗಿತ್ತು, ಅವಳು ಒಂದೇ ಮಾತಿನಲ್ಲಿ ಮುರಿಯಬಹುದಿತ್ತು. ಯಾಕೆ ಮುರಿಯಲಿಲ್ಲ ಎಂದು ಅವಳ ಮೇಲೆಯೇ ರೇಗಿದೆ.

"ಸಂಶಯ ಒಂದು ಸಲ ಬಂದ ಮೇಲೆ ಗಂಟಲಲ್ಲಿ ಇಳಿಯುದಿಲ್ಲ ಮಾರಾಯ್ತಿ. ನೀನು ತಿನ್ನು," ಎಂದಳು.

'ಗೋಧಿ ಇರಬಹುದು' ಎಂಬ ಆ ಸಾಲು ಇಲ್ಲದ ಡಬ್ಬಿಯನ್ನು ಹುಡುಕಿ ತರಲು ನಾನು ಯಾಕೆ ಅಷ್ಟು ತಡಮಾಡಿದೆನೋ. ತಂದಾಗ ಅವಳ ಮಂಚ ಕೆಳಗಿನ ಹಾಲಿಗೆ ಬಂದಿತ್ತು, ಅವಳ ಬಾಯಲ್ಲಿ ನಮ್ಮ ಹೆಸರುಗಳು ಅದಲುಬದಲಾಗುತ್ತಿದ್ದವು. ಪಕ್ಕದಲ್ಲಿ ಕೂತು ಡಬ್ಬಿಯ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದಿದೆ: ನೆಲಗಡಲೆ, ಉಪ್ಪು, ಮತ್ತೇನಿಲ್ಲ. ಅವಳು ಗಮನವಿಟ್ಟು ಕೇಳಿ, "ಇವತ್ತು ಏಕಾದಶಿಯಾ?" ಎಂದಳು.

ಗೋಡೆಯ ಕ್ಯಾಲೆಂಡರಿನಲ್ಲಿ ಅಂದು ಪಂಚಮಿ.

"ಹೌದು ದೊಡ್ಡಮ್ಮ," ಎಂದೆ.

ಬಾಯಿ ತೆರೆದಳು. ಒಂದು ಚಮಚ ನಿಧಾನವಾಗಿ ಇಳಿಯಿತು. ಎರಡನೆಯದಕ್ಕೆ ಸಾಕು ಎಂದು ಕೈ ಅಡ್ಡ ಹಿಡಿದಳು. ಆ ಚಳಿಗಾಲದಲ್ಲೇ ಅವಳು ಹೋದಳು, ಬೇಸಗೆಗೆ ಮನೆಯನ್ನೂ ಮಾರಿದೆವು. ನಾನು ಹೇಳಿದ್ದನ್ನು ಪುರಾವೆ ಕೇಳದೆ ಅವಳು ನಂಬಿದ್ದು ಎರಡೇ ಸಲ, ಗೋಧಿ ಎಂದಾಗ ಮತ್ತು ಏಕಾದಶಿ ಎಂದಾಗ. ಎರಡು ಸಲವೂ ನಾನು ಹೇಳಿದ್ದು ಸರಿಯಿರಲಿಲ್ಲ.